ಮಳೆಗಾಲದಲ್ಲಿ ಮೋಟಾರುಕಾರನ್ನು ತಂಗಿಸಿಡುವ ಕ್ರಮ: ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ

ಪಡುಗಡಲ ತೀರದಲ್ಲಿ ಮಳೆಗಾಲಕ್ಕೆ ನಾವೆಗಳನ್ನು ದಡವೇರಿಸುವ ಪದ್ಧತಿ ಬಹು ಪ್ರಾಚೀನವಾದುದು. ನೈಋತ್ಯ ಮಾರುತ ಬೀಸತೊಡಗಿತೆಂದರೆ ಹಾಯಿಹಡಗುಗಳ ವ್ಯಾಪಾರ ನಿಲ್ಲುತ್ತಿತ್ತು. ಖಾರ್ವಿ, ಹರಿಕಂತ್ರ, ಅಂಬಿಗ ಜನರು ದೋಣಿಗಳನ್ನು ಮೇಲಕ್ಕೆಳೆದು, ಅಡಿಗೆ ಮರದ ದಿಮ್ಮಿ ಕೊಟ್ಟು, ಹಲಗೆಗಳಿಗೆ ಮೀನೆಣ್ಣೆ ಸವರಿ, ಮೇಲೆ ತೆಂಗಿನ ಮಡಲು ಹೊದಿಸಿ, ನಾರಳಿ ಹುಣ್ಣಿಮೆಯಂದು ಕಡಲಿಗೆ ಕಾಯಿ ಅರ್ಪಿಸುವವರೆಗೆ ಕಾಯುತ್ತಿದ್ದರು. ಇಂದೂ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಂತ್ರದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಈ ನಿಷೇಧದ ಮುಖ್ಯ ಉದ್ದೇಶ ಮೀನಿನ ಸಂತತಿಯ ರಕ್ಷಣೆ, ಋತು ಮಾತ್ರ ಹಳೆಯದೇ.

ದೋಣಿಗೆ ಇಷ್ಟು ಉಪಚಾರ ಮಾಡುವ ಸೀಮೆಯಲ್ಲಿ ಕಾರಿಗೆ ಅದರ ಅರ್ಧದಷ್ಟೂ ಸಲ್ಲುವುದಿಲ್ಲ. ಹಡಗಿನ ನೌಕರಿಗೆ ಹೋಗುವವರು, ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುವವರು ಕಾರನ್ನು ಮನೆಯ ಮಗ್ಗುಲಲ್ಲಿ ನಿಲ್ಲಿಸಿ, ಪ್ಲಾಸ್ಟಿಕ್ ತಾಡಪಾಲು ಬಿಗಿದು ಹೊರಟುಬಿಡುತ್ತಾರೆ. ಓಡದ ವಾಹನಕ್ಕೆ ಸವೆತವಿಲ್ಲವೆಂಬುದು ಸಾಮಾನ್ಯ ನಂಬಿಕೆ. ಈ ಕರಾವಳಿಯಲ್ಲಿ ಅದು ಸಲ್ಲದು.

ಕಾರಣ ಉಪ್ಪು. ೧೯೩೦ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಅಂಕೋಲೆಯಲ್ಲಿ ಉಪ್ಪಿನ ಗುಣವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ: ಭರಣಿಯಲ್ಲಿಟ್ಟ ಉಪ್ಪು ಆಷಾಢದಲ್ಲಿ ನೀರೊಡೆಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ ೭೫ನ್ನು ದಾಟಿದರೆ ಉಪ್ಪು ತಾನಾಗಿಯೇ ನೀರನ್ನು ಹೀರಿ ಕರಗುವುದು. ಸಮುದ್ರದ ಉಪ್ಪಿನೊಡನೆ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡು ಇದಕ್ಕಿಂತ ಬಹಳ ಒಣಗಿದ ಗಾಳಿಯಲ್ಲಿಯೂ ಕರಗುತ್ತದೆ. ಕಾರವಾರದ ಠಾಗೋರ್ ಕಡಲತೀರದಲ್ಲಿ ೨೦೦೬ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಪಲ’ ಯುದ್ಧನೌಕೆಯನ್ನು ನೆನೆಯಬಹುದು. ನೀರಿನಿಂದ ಮೇಲೆ ಬಂದ ಉಕ್ಕಿಗೂ ಸಮುದ್ರದಿಂದ ಬಿಡುಗಡೆಯಿಲ್ಲ. ಅಲೆಗಳ ತುಂತುರು ಗಾಳಿಯೊಡನೆ ಒಳನಾಡಿಗೂ ಬರುತ್ತದೆ. ಮಳೆ ಕಾರಿನ ಮೈಯನ್ನೇನೋ ತೊಳೆದೀತು. ತಳದ ಕಬ್ಬಿಣದ ಮೇಲೆ ಕುಳಿತ ಉಪ್ಪನ್ನು ತೊಳೆಯದು.

ಆದುದರಿಂದ ಮೊದಲ ಕೆಲಸ ತಳಭಾಗವನ್ನೂ ಚಕ್ರಗಳ ಕಮಾನುಗಳನ್ನೂ ಸಿಹಿನೀರಿನಿಂದ ಚೆನ್ನಾಗಿ ತೊಳೆಯುವುದು. ಬಳಿಕ ಕೆಲವು ಮೈಲಿ ಓಡಿಸಿ ಒಣಗಿಸುವುದು. ಇದನ್ನು ಮೇ ತಿಂಗಳ ಬಿಸಿಲಿರುವಾಗಲೇ ಮಾಡತಕ್ಕದ್ದು. ತಾಡಪಾಲಿಗಿಂತ ಗಾಳಿಯಾಡುವ ಬಟ್ಟೆಯ ಹೊದಿಕೆ ಮೇಲು. ಮಡಲಿನ ಹೊದಿಕೆಯ ಗುಣವೂ ಅದೇ ತಾನೆ: ನೀರನ್ನು ತಡೆಯುತ್ತದೆ, ಉಸಿರನ್ನು ಕಟ್ಟುವುದಿಲ್ಲ. ಸೆಗಣಿ ಸಾರಿಸಿದ ಮಣ್ಣಿನ ನೆಲಕ್ಕಿಂತ ಸಿಮೆಂಟಿನ ನೆಲ ವಾಸಿ.

ಬಳಸಿದ ಎಂಜಿನ್ ಆಯಿಲಿನಲ್ಲಿ ಆಮ್ಲಾಂಶ ಸೇರಿರುವುದರಿಂದ ಹೊಸ ಆಯಿಲ್ ಹಾಕಿಸಿ ನಿಲ್ಲಿಸಬೇಕು. ಈಗ ಮಾರಾಟವಾಗುವ ಪೆಟ್ರೋಲಿನಲ್ಲಿ ಶೇಕಡ ೨೦ರವರೆಗೆ ಎಥನಾಲು ಇರುತ್ತದೆ. ಅದು ತೇವವನ್ನು ಎಳೆದುಕೊಳ್ಳುವಂಥದು. ಟ್ಯಾಂಕು ಬರಿದಾಗಿದ್ದಷ್ಟೂ ಒಳಗೆ ತೇವದ ಗಾಳಿ ಹೆಚ್ಚು. ಹೀಗಾಗಿ ಎರಡು ಮೂರು ತಿಂಗಳ ಮಟ್ಟಿಗಾದರೆ ತುಂಬಿಸಿಡುವುದೇ ಲೇಸು. ಬ್ಯಾಟರಿಯ ಋಣತಂತಿಯನ್ನು ಮೊದಲು ಬಿಚ್ಚಬೇಕು. ಚಕ್ರಗಳಿಗೆ ಗಾಳಿ ತುಸು ಹೆಚ್ಚಾಗಿರಲಿ. ಇಲಿಗಳ ವಿಷಯವನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಎಂಜಿನಿನ ವೈರುಗಳು ಅವಕ್ಕೆ ಬಹಳ ಪ್ರಿಯ.

ವಾರಕ್ಕೊಮ್ಮೆ ಐದು ನಿಮಿಷ ಎಂಜಿನು ಚಾಲೂ ಮಾಡಿಸುವ ರೂಢಿಯನ್ನು ಮಾತ್ರ ಒಪ್ಪಲಾರೆ. ದಹನದಿಂದ ಹುಟ್ಟುವ ನೀರಾವಿ, ಕಾಯದ ಸೈಲೆನ್ಸರಿನಲ್ಲಿ ನೀರಾಗಿ ನಿಂತು ಅದನ್ನು ಒಳಗಿನಿಂದ ತಿನ್ನುತ್ತದೆ. ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸುವವರಿದ್ದರೆ ಸರಿ, ಇಲ್ಲವಾದರೆ ಮುಟ್ಟದಿರುವುದೇ ಉತ್ತಮ.

ಎಲ್ಲಕ್ಕಿಂತ ಗುರುತರವಾದುದು ಬ್ರೇಕಿನ ವಿಚಾರ. ಉಳಿದ ದೋಷಗಳು ಹಣವನ್ನು ಕೇಳಿದರೆ ಇದು ಪ್ರಾಣವನ್ನು ಕೇಳುತ್ತದೆ. ಕೈಬ್ರೇಕು ಎಳೆದಿಟ್ಟರೆ ಹಿಂದಿನ ಚಕ್ರದ ಡ್ರಮ್ಮಿಗೆ ಒಳಗಿನ ಪಟ್ಟಿ ತುಕ್ಕಿನಿಂದ ಅಂಟಿಕೊಳ್ಳುವುದುಂಟು. ಅದರ ಬದಲು ಗೇರಿನಲ್ಲಿಟ್ಟು, ಚಕ್ರಗಳ ಹಿಂದೆ ಮುಂದೆ ಮರದ ತುಂಡು ಕೊಡಬೇಕು. ಇದು ಕಣ್ಣಿಗೆ ಕಾಣುವ ದೋಷ. ಕಾಣದ ದೋಷ ಇನ್ನೊಂದಿದೆ. ಬ್ರೇಕ್ ಆಯಿಲ್ ಎಂದು ಕರೆಯಲ್ಪಡುವ ದ್ರವ ನಿಜವಾಗಿ ಎಣ್ಣೆಯಲ್ಲ. ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರುವ ದ್ರವ. ತೇವ ಸೇರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಸಮತಲದ ರಸ್ತೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು ಘಟ್ಟವನ್ನಿಳಿಯುವಾಗ ಎಡೆಬಿಡದೆ ಬ್ರೇಕು ಒತ್ತಿದರೆ ಅದು ಕಾದು, ದ್ರವದೊಳಗಿನ ನೀರು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುವುದೇ ಹೊರತು ಬಲ ಚಕ್ರಕ್ಕೆ ಮುಟ್ಟುವುದಿಲ್ಲ; ಪೆಡಲು ತಳ ಸೇರುತ್ತದೆ, ಕಾರು ನಿಲ್ಲುವುದಿಲ್ಲ.

ಊರಿಗೆ ಮರಳಿದವರು ಸಾಮಾನ್ಯವಾಗಿ ಮೊದಲು ಕಾರನ್ನು ತೊಳೆಸಿ, ಮರುದಿನವೇ ಹುಬ್ಬಳ್ಳಿಗೆ ಹೊರಡುವುದುಂಟು. ಅದಕ್ಕೆ ಮುನ್ನ ಬ್ರೇಕ್ ಆಯಿಲಿಗೆ ಎರಡು ವರ್ಷ ಕಳೆದಿದ್ದರೆ ಬದಲಾಯಿಸಿ, ಚಕ್ರಗಳನ್ನು ಬಿಚ್ಚಿಸಿ ಡ್ರಮ್ಮು, ರಬ್ಬರು ಕೊಳವೆಗಳನ್ನು ನೋಡಿಸಿ, ಊರೊಳಗಿನ ಸಮರಸ್ತೆಯಲ್ಲಿ ಮೆಲ್ಲನೆ ಓಡಿಸಿ ಹತ್ತಾರು ಬಾರಿ ನಿಲ್ಲಿಸಿ ನೋಡತಕ್ಕದ್ದು. ಘಟ್ಟದ ಪ್ರಯಾಣ ಅದರ ಬಳಿಕ.