ಸಿ.ಎ. ಮತ್ತೆ ಕೈಕೊಟ್ಟಿತೇ? ಅಂಕಪಟ್ಟಿ ಬಿಚ್ಚಿ ನೋಡಿ

ಫಲಿತಾಂಶದ ದಿನ ಮೊಬೈಲ್ ಹಿಡಿದು ಹಿತ್ತಿಲಿಗೆ ಹೋಗಿ ನಿಂತಿದ್ದಿರಾ? ಒಳಗಿನಿಂದ ಅಮ್ಮ ‘ಏನಾಯ್ತವ್ವಾ?’ ಅಂದಾಗ ‘ಸರ್ವರ್ ಬ್ಯುಸಿ ಅಮ್ಮಾ’ ಅಂತ ಸುಳ್ಳು ಹೇಳಿದಿರಾ? ಹಾಗಿದ್ದರೆ ಈ ಮಾತು ನಿಮಗೇ.

ಬೆಂಗಳೂರಿನಲ್ಲಿ ಸಿ.ಎ. ಮೂರು ಸಲ ಬರೆದವಳನ್ನು ಯಾರೂ ತಿರುಗಿ ನೋಡುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರಲ್ಲಿ ಹಾಗಲ್ಲ. ಶೇಂಗಾ ಬಿತ್ತಿ ಮುಗಿಲು ನೋಡುವ ಸೀಮೆ ಇದು. ಮಳೆ ಹೋದ ವರ್ಷವೂ ಅಪ್ಪ ಹೇಗೋ ಕೋಚಿಂಗ್ ಫೀಸು ಹೊಂದಿಸಿರುತ್ತಾರೆ. ‘ಇದ್ಯಾವ ಓದವ್ವಾ, ಮುಗಿಯೋದೇ ಇಲ್ವಲ್ಲ?’ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೇಳುವವರಿಗೇನು ಕಮ್ಮಿಯೇ? ಮಗನಿಗೆ ‘ಇನ್ನೊಂದ್ಸಲ ಬರಿ’ ಅನ್ನುವ ಬಾಯೇ ಮಗಳಿಗೆ ‘ಸಾಕು ಬಿಡು, ಗಂಡು ನೋಡೋಣ’ ಅನ್ನುತ್ತದೆ. ನಿಮಗೆ ಸೋಲಿಗಿಂತ ಹೆಚ್ಚು ಹೆದರಿಕೆ ಈ ಮಾತಿನದು, ಅಲ್ವಾ?

ಎರಡು ದಿನ ಅತ್ತುಬಿಡಿ, ತಪ್ಪಿಲ್ಲ. ಮೂರನೇ ದಿನ ಅಂಕಪಟ್ಟಿ ಮುಂದಿಟ್ಟುಕೊಳ್ಳಿ. ಫೇಲು ಅಂದರೆ ಎಲ್ಲ ಒಂದೇ ಅಲ್ಲ. ಇಂಟರ್‌ನ ಒಂದು ಗುಂಪಿನಲ್ಲಿ ಈಗ ಮೂರು ಪೇಪರ್. ಪ್ರತಿಯೊಂದರಲ್ಲೂ 40 ಬರಬೇಕು, ಒಟ್ಟು 300ಕ್ಕೆ 150 ಆಗಬೇಕು. ನಿಮಗೆ 52, 48, 47 ಬಂದಿದೆ ಅನ್ನಿ. ಯಾವುದರಲ್ಲೂ ನೀವು ಬಿದ್ದಿಲ್ಲ, ಆದರೂ ಮೂರು ಅಂಕಕ್ಕೆ ಗುಂಪು ಹೋಯಿತು. ಇಂಥವರು ಪುಸ್ತಕವನ್ನೆಲ್ಲ ಮೊದಲಿಂದ ಓದುವ ಬದಲು ಬರೆಯುವ ವೇಗ ಮತ್ತು ಉತ್ತರ ಜೋಡಿಸುವ ರೀತಿ ತಿದ್ದಿಕೊಳ್ಳಬೇಕು. ಇನ್ನೊಬ್ಬಳಿಗೆ 61, 55, 38. ಒಟ್ಟು 154 ಇದ್ದರೂ ಫೇಲು! ಆದರೆ ಅವಳ ಆ 61 ವ್ಯರ್ಥವಲ್ಲ. 60 ಮುಟ್ಟಿದ ಪೇಪರಿಗೆ ಮುಂದಿನ ಮೂರು ಸರದಿಗಳವರೆಗೆ ವಿನಾಯಿತಿ ಸಿಗುತ್ತದೆ. ಗುಂಪಿನ ಎಲ್ಲ ಪೇಪರಿಗೂ ಹಾಜರಾಗಿದ್ದರೆ ಮಾತ್ರ. ಮೊದಲ ಪೇಪರ್ ಕೆಟ್ಟಿತು ಅಂತ ಉಳಿದದ್ದು ಬಿಟ್ಟು ಊರಿಗೆ ಬಸ್ ಹತ್ತುವ ಹುಡುಗಿಯರಿಗೆ ಇದನ್ನು ಕೂಗಿ ಹೇಳಬೇಕು ಅನಿಸುತ್ತದೆ.

ಎರಡೂ ಗುಂಪು ಒಟ್ಟಿಗೆ ಬರೆದು, ಪ್ರತಿ ಪೇಪರಿನಲ್ಲಿ 40 ದಾಟಿ, 600ಕ್ಕೆ 300 ಬಂದರೂ ಪಾಸು. ಆ 147ರವಳು ಇನ್ನೊಂದು ಗುಂಪಿನಲ್ಲಿ 153 ತೆಗೆದಿದ್ದರೆ ದಾಟಿಬಿಡುತ್ತಿದ್ದಳು. ಹಾಗಂತ ಎಲ್ಲರೂ ಎರಡಕ್ಕೂ ಕೈಹಾಕಬೇಕಿಲ್ಲ, ನಿಮ್ಮ ತಯಾರಿ ನಿಮಗೇ ಗೊತ್ತು.

ಅನುಮಾನವಿದ್ದರೆ ನಿಗದಿತ ದಿನದೊಳಗೆ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ನಕಲು ತರಿಸಿಕೊಳ್ಳಿ. ಸಂಸ್ಥೆಯೇ ಪ್ರಕಟಿಸುವ ಮಾದರಿ ಉತ್ತರದ ಪಕ್ಕ ಇಟ್ಟು ನೋಡಿ. ತಮ್ಮದೇ ಕೈಬರಹದ ಎದುರು ಕೂರುವುದು ಕಷ್ಟವೇ. ಆದರೆ ಹೊಸ ಕೋಚಿಂಗ್‌ಗೆ ದುಡ್ಡು ಸುರಿಯುವ ಮುಂಚೆ ಈ ಕೆಲಸ ಆಗಲಿ.

2024ರಲ್ಲಿ ಇಂಟರ್ ಪರೀಕ್ಷೆಯನ್ನು ವರ್ಷಕ್ಕೆ ಮೂರು ಸಲ ಮಾಡಿದರು. ಕಾಯುವುದು ತಪ್ಪಿತು ಅಂತ ಖುಷಿಯೇನೋ ಆಯಿತು, ಉಸಿರಾಡಲು ಪುರುಸೊತ್ತಿಲ್ಲದೆಯೂ ಆಯಿತು. ಬಂದ ಸರದಿಯನ್ನೆಲ್ಲ ಬರೆಯಲೇಬೇಕು ಅಂತ ಯಾರೂ ಹೇಳಿಲ್ಲ.

ಅಪ್ಪ-ಅಮ್ಮನಿಗೆ ಈ ಲೆಕ್ಕ ಬಿಡಿಸಿ ಹೇಳಿ. 2023ರ ನವೆಂಬರ್ ಫೈನಲ್‌ನಲ್ಲಿ ಎರಡೂ ಗುಂಪು ಬರೆದವರಲ್ಲಿ ಎರಡನ್ನೂ ದಾಟಿದವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ‘ಇನ್ನು ಎರಡು ಸರದಿ ಕೊಡಿ, ಅಲ್ಲಿವರೆಗೆ ಮದುವೆ ಮಾತು ಬೇಡ’ ಅಂತ ತಿಂಗಳು, ವರ್ಷ ಸಮೇತ ಕೇಳಿ. ‘ನೋಡೋಣ’ ಅಂತ ಬಿಟ್ಟ ಮಾತಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ.

ಆ ಎರಡು ಸರದಿಯೂ ಹೋದರೆ? ನಿಲ್ಲಿಸುವ ಹಕ್ಕೂ ನಿಮ್ಮದೇ. ನೀವು ಕಲಿತ ಜಿಎಸ್‌ಟಿ, ಆಡಿಟ್ ಎಲ್ಲಿಗೂ ಹೋಗುವುದಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿಗೂ ಮೊಳಕಾಲ್ಮುರಿನ ರೇಷ್ಮೆ ಸೀರೆ ಅಂಗಡಿಗೂ ಲೆಕ್ಕ ಬರೆಯುವವರು ಬೇಕೇ ಬೇಕು. ಬಿ.ಕಾಂ. ಕೈಲಿದ್ದರೆ ಸರ್ಕಾರಿ ನೌಕರಿಯ ಪರೀಕ್ಷೆಗಳೂ ಇವೆ.

ಆದರೆ ರಾತ್ರಿ ನಿದ್ದೆಯೇ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕಿ ಏನು ಪ್ರಯೋಜನ ಅನಿಸುತ್ತಿದೆ ಅಂದರೆ ಓದು ಪಕ್ಕಕ್ಕಿಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಆ ಬಸ್‌ಸ್ಟ್ಯಾಂಡಿನವರು? ಅವರಿಗೆ ನೀವು ಉತ್ತರ ಕೊಡಬೇಡಿ. ‘ಮೂರೇ ಮಾರ್ಕ್ಸಿಗೆ ಹೋಯ್ತು ಕಣ್ರೀ, ಮುಂದಿನ ಸಲ ಬರೀತಾಳೆ’ ಅಂತ ಅಮ್ಮನೇ ಹೇಳಲಿ.