ಚೆಂಡು, ಅಟ್ಟೆ ಮತ್ತು ಅಪ್ಪನ ಲೆಕ್ಕ

ನಮ್ಮ ಮನೆಯಲ್ಲಿ ಮಲ್ಲಿಗೆಯನ್ನು ಯಾರೂ ಮೊಳದಲ್ಲಿ ಅಳೆದದ್ದಿಲ್ಲ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ 3200 ಮೊಗ್ಗು. ಕಾಪು ತಾಲ್ಲೂಕಿನ ಶಂಕರಪುರದ ಆಸುಪಾಸಿನಲ್ಲಿ ಹುಟ್ಟಿದವರಿಗೆ ಇದು ಮಗ್ಗಿಯಷ್ಟೇ ಸಲೀಸು. ನನಗೆ ಕಲಿಸಿದವರು ಅಪ್ಪ.

ಊರವರಿಗೆ ಶಂಕರಪುರ ಮಲ್ಲಿಗೆ, ಜಿಐ ಪಟ್ಟಿಯಲ್ಲಿ ಉಡುಪಿ ಮಲ್ಲಿಗೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳಿಗೂ ಅದೇ ಮನ್ನಣೆ ಇದೆ. ಶಿರ್ವದಲ್ಲೂ ಕಾರ್ಕಳದ ಬೆಳ್ಮಣ್ಣಿನಲ್ಲೂ ಗಿಡಗಳಿವೆ. ಜಾಗವಿಲ್ಲದವರು ತಾರಸಿಯ ಮೇಲೆ ಕುಂಡದಲ್ಲಿ ಬೆಳೆಸುತ್ತಾರೆ. ಎಕರೆಗಟ್ಟಲೆ ಭೂಮಿ ಬೇಡದ ಬೆಳೆ ಇದು. ಬೇಕಾದದ್ದು ಮನೆ ತುಂಬ ಕೈಗಳು.

ಅಪ್ಪ ಗದ್ದೆಯ ಮನುಷ್ಯ. ಆದರೆ ಭತ್ತದ ದುಡ್ಡು ಬರುವುದು ಕೊಯ್ಲಿಗೆ, ಮಕ್ಕಳ ಖರ್ಚು ಬರುವುದು ದಿನಾ. ಹಾಗಾಗಿ ಮನೆಯ ಬದಿಗೆ ಮಲ್ಲಿಗೆ ಇಟ್ಟರು. ಗೆಲ್ಲು ಸವರುವುದು, ಬುಡ ಬಿಡಿಸಿ ಗೊಬ್ಬರ ಹಾಕುವುದು, ನೆಲಗಡಲೆ ಹಿಂಡಿ ನೆನೆಸಿದ ನೀರು ಹೊಯ್ಯುವುದು ಅವರ ಪಾಲು. ಬೆಳಕು ಹರಿಯುವಾಗ ಕೊಯ್ಯಲು ಎಲ್ಲರೂ ಇಳಿಯುತ್ತಿದ್ದೆವು. ಆ ದಿನ ಸಂಜೆ ಅರಳಬೇಕಾದ ಮೊಗ್ಗನ್ನು ಮಾತ್ರ ಕೀಳಬೇಕು. ನಾಳೆಯದಕ್ಕೆ ಕೈ ಹಾಕಿದರೆ ಅದು ಅರಳುವುದೇ ಇಲ್ಲ. ಎರಡರ ವ್ಯತ್ಯಾಸ ಹೇಳಿಕೊಡಲು ಬರುವುದಿಲ್ಲ, ಕಣ್ಣಿಗೇ ಗೊತ್ತಾಗಬೇಕು. ಅಪ್ಪನ ಬೆರಳು ನೋಡದೆಯೂ ಆರಿಸುತ್ತಿತ್ತು.

ಕಟ್ಟುವುದು ಅಮ್ಮ ಮತ್ತು ಅಕ್ಕ. ನೂಲಲ್ಲ, ಒಣಗಿಸಿ ಸೀಳಿದ ಬಾಳೆನಾರು. ಮಧ್ಯಾಹ್ನದ ಒಳಗೆ ಕಟ್ಟಿದ ಹೂವು ಬಾಳೆಲೆಯಲ್ಲಿ ಸುತ್ತಿ ಏಜೆಂಟರ ಕೈ ಸೇರಬೇಕು. ಮುಂಬೈಗೆ ಹೋಗುವ ಹೂವೂ ಅದರಲ್ಲೇ.

ದರ ದಿನದಿನ ಬೇರೆ. ಬೇಸಗೆಯಲ್ಲಿ ಗಿಡ ಸುರಿಯುತ್ತದೆ, ಆಗ ಅಟ್ಟೆಗೆ ಬೆಲೆ ಇಲ್ಲ. ಮಳೆಗೆ ಮೊಗ್ಗು ಕೊಳೆಯುತ್ತದೆ, ಚಳಿಗೆ ಹಿಡಿಯುವುದಿಲ್ಲ, ಆಗ ಬೆಲೆ ಏರುತ್ತದೆ. ಬೆವರಿನ ಅಳತೆಗೂ ಸಿಕ್ಕುವ ಹಣಕ್ಕೂ ತಾಳೆ ಇಲ್ಲದ್ದು ನನಗೆ ಈಗಲೂ ಸಂಕಟದ ಸಂಗತಿ. ಅಪ್ಪ ಅದನ್ನು ದಾಟಿದ್ದು ಪಿಗ್ಮಿಯಿಂದ. 1928ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಶುರುಮಾಡಿದ ಯೋಜನೆ. ದಿನಕ್ಕೆ ಎರಡಾಣೆ ಇದ್ದರೂ ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದರು. ಅದನ್ನು ನಡೆಸಿದ ಬ್ಯಾಂಕ್ ಮುಂದೆ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕ್‌ನೊಳಗೆ ಸೇರಿತು. ದಿನಗೂಲಿಯವರಿಗೆ ಹಾಗೆಯೇ ನಮ್ಮಂಥ ಹೂವಿನ ಮನೆಗಳಿಗೆ ಅಷ್ಟು ಹೊಂದಿಕೊಂಡ ಉಳಿತಾಯ ಇನ್ನೊಂದಿರಲಿಲ್ಲ. ಹೂವಿಗೆ ಒಳ್ಳೆಯ ದರ ಸಿಕ್ಕ ದಿನ ಅಪ್ಪ ನಮಗೆ ತಿಂಡಿ ತರುತ್ತಿರಲಿಲ್ಲ, ಪಿಗ್ಮಿಗೆ ಹೆಚ್ಚು ಕೊಡುತ್ತಿದ್ದರು. ನಾವು ಮುನಿಸಿಕೊಳ್ಳುತ್ತಿದ್ದೆವು. ಅಕ್ಕನ ಮದುವೆಯೂ ನನ್ನ ಕಾಲೇಜೂ ಆ ಪುಸ್ತಕದಿಂದಲೇ ನಡೆದವು.

ಅಕ್ಕ ಮುಂಬೈ ಸೇರಿದಳು. ಅಲ್ಲಿ ಊರಿನ ಹೂವು ಕಂಡರೆ ಬಿಡದೆ ಕೊಳ್ಳುತ್ತಿದ್ದಳು. ಆ ಸಂಜೆಗಳಲ್ಲಿ ಅಪ್ಪನಿಗೆ ಅವಳ ಆರೋಗ್ಯ ವಿಚಾರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿರುತ್ತಿತ್ತು.

“ಅರಳಿತಾ ಮಗಾ?”

“ಈಗಷ್ಟೇ ಅಪ್ಪ. ಮನೆಯೆಲ್ಲ ಪರಿಮಳ.”

ಕೊನೆಯ ವರ್ಷ ಕಿವಿ ಮಂದವಾಗಿತ್ತು. ಅವಳ ಉತ್ತರವನ್ನು ಅಮ್ಮ ಗಟ್ಟಿಯಾಗಿ ಮತ್ತೊಮ್ಮೆ ಹೇಳುವವರೆಗೂ ಅವರು ಫೋನು ಇಡುತ್ತಿರಲಿಲ್ಲ.