ಹಾರಾಟ ಗಂಟೆಗಳ ಗಳಿಕೆ

ಹಾರಾಟ ಗಂಟೆಗಳ ಗಳಿಕೆ ಎಂದರೆ ಖಾಸಗಿ ಪೈಲಟ್ ಪರವಾನಗಿ ಪಡೆದವರು ವಾಣಿಜ್ಯ ಪೈಲಟ್ ಪರವಾನಗಿಗೆ (ಸಿಪಿಎಲ್) ನಿಗದಿಯಾದ ಹಾರಾಟದ ಅನುಭವವನ್ನು ಪೂರೈಸಿಕೊಳ್ಳುವ ಹಂತ. ಇದು ‘ಟೈಮ್ ಬಿಲ್ಡಿಂಗ್’ ಎಂಬ ಹೆಸರಿನಿಂದಲೂ ಪರಿಚಿತವಾಗಿದೆ. ಖಾಸಗಿ ಪರವಾನಗಿಗೆ ಕನಿಷ್ಠ 40 ಗಂಟೆಗಳ ಹಾರಾಟ ಸಾಕಾದರೆ, ಸಿಪಿಎಲ್‌ಗೆ ಭಾರತದಲ್ಲಿ 200 ಗಂಟೆ, ಅಮೆರಿಕದ ಸಾಮಾನ್ಯ ನಿಯಮದಂತೆ 250 ಗಂಟೆ ಬೇಕು. ತರಬೇತಿಯ ವೆಚ್ಚದ ಬಹುಪಾಲು ಈ ಅಂತರವನ್ನು ತುಂಬುವುದಕ್ಕೇ ತಗಲುತ್ತದೆ.

ಅಗತ್ಯವಾದ ಅನುಭವ

ಒಟ್ಟು ಗಂಟೆಗಳು ಮಾತ್ರವಲ್ಲದೆ ಅವುಗಳ ಬಗೆಯೂ ನಿಗದಿಯಾಗಿದೆ. ಎರಡೂ ದೇಶಗಳಲ್ಲಿ 100 ಗಂಟೆಗಳನ್ನು ವಿಮಾನದ ಹೊಣೆ ಹೊತ್ತ ಪೈಲಟ್ (ಪೈಲಟ್ ಇನ್ ಕಮಾಂಡ್) ಆಗಿ ಪೂರೈಸಬೇಕು. ಭಾರತದಲ್ಲಿ ಇದರೊಂದಿಗೆ 20 ಗಂಟೆಗಳ ಕ್ರಾಸ್ ಕಂಟ್ರಿ ಹಾರಾಟ, ಅದರಲ್ಲಿ 300 ನಾಟಿಕಲ್ ಮೈಲಿಗಳ ಒಂದು ದೀರ್ಘ ಯಾನ, 10 ಗಂಟೆಗಳ ಉಪಕರಣಾಧಾರಿತ ಹಾರಾಟ ಮತ್ತು 5 ಗಂಟೆಗಳ ರಾತ್ರಿ ಹಾರಾಟ ಅಗತ್ಯ. ಅಮೆರಿಕದಲ್ಲಿ 50 ಗಂಟೆಗಳ ಕ್ರಾಸ್ ಕಂಟ್ರಿ ಹಾರಾಟ ಬೇಕು. ಅಲ್ಲಿ ಈ ಲೆಕ್ಕಕ್ಕೆ ಸೇರಲು ಹೊರಟ ಸ್ಥಳದಿಂದ 50 ನಾಟಿಕಲ್ ಮೈಲಿಗಿಂತ ದೂರದಲ್ಲಿ ಇಳಿದಿರಬೇಕು. ಆದ್ದರಿಂದ 45 ಮೈಲಿ ದೂರದ ನಿಲ್ದಾಣಕ್ಕೆ ಹೋಗಿ ಬಂದರೆ ಒಟ್ಟು ಗಂಟೆ ಹೆಚ್ಚುತ್ತದೆಯೇ ಹೊರತು ಕ್ರಾಸ್ ಕಂಟ್ರಿ ಗಂಟೆ ಹೆಚ್ಚುವುದಿಲ್ಲ. ಒಂದೇ ಹಾರಾಟದಿಂದ ಹಲವು ಅಗತ್ಯಗಳು ಪೂರೈಕೆಯಾಗುವಂತೆ ಯೋಜಿಸುವುದು ಉಳಿತಾಯದ ಮೊದಲ ಮೆಟ್ಟಿಲು.

ವೆಚ್ಚ ತಗ್ಗಿಸುವ ಕ್ರಮಗಳು

ಬಾಡಿಗೆ ವಿಮಾನಗಳು ಸುಲಭವಾಗಿ ದೊರೆಯುವ ಅಮೆರಿಕದಲ್ಲಿ ಈ ಕ್ರಮಗಳು ಹೆಚ್ಚಾಗಿ ಬಳಕೆಯಲ್ಲಿವೆ.

ಸಣ್ಣ ವಿಮಾನ: ಎರಡು ಆಸನಗಳ ಸೆಸ್ನಾ 152 ನಾಲ್ಕು ಆಸನಗಳ ಸೆಸ್ನಾ 172ಕ್ಕಿಂತ ಕಡಿಮೆ ಇಂಧನ ಬಳಸುತ್ತದೆ. ಆದರೂ ಪರೀಕ್ಷೆಗೆ ಮುನ್ನ 10 ಗಂಟೆಗಳ ತರಬೇತಿಯನ್ನು ಹೆಚ್ಚು ಸಂಕೀರ್ಣವಾದ ಅಥವಾ ಆಧುನಿಕ ಎಲೆಕ್ಟ್ರಾನಿಕ್ ಉಪಕರಣಗಳುಳ್ಳ ವಿಮಾನದಲ್ಲಿ ಪಡೆಯಬೇಕಾಗುತ್ತದೆ.

ಬಾಡಿಗೆಯ ಲೆಕ್ಕ: ಇಂಧನ ಸೇರಿದ ದರವನ್ನು ‘ವೆಟ್’, ಸೇರದ ದರವನ್ನು ‘ಡ್ರೈ’ ಎನ್ನುತ್ತಾರೆ. ಹಾಬ್ಸ್ ಮೀಟರ್ ಗಡಿಯಾರದಂತೆ ಸಮಯವನ್ನು ಎಣಿಸುತ್ತದೆ. ಟ್ಯಾಕ್ ಮೀಟರ್ ಎಂಜಿನ್ನಿನ ವೇಗವನ್ನು ಅನುಸರಿಸುವುದರಿಂದ ನಿಧಾನ ವೇಗದಲ್ಲಿ ಕಡಿಮೆ ತೋರಿಸುತ್ತದೆ. ದರಗಳನ್ನು ಹೋಲಿಸುವಾಗ ಈ ಎರಡನ್ನೂ ಗಮನಿಸಬೇಕು.

ಫ್ಲೈಯಿಂಗ್ ಕ್ಲಬ್: ಸದಸ್ಯರು ವಿಮಾನದ ನಿರ್ವಹಣೆ, ವಿಮೆ ಮತ್ತು ನಿಲುಗಡೆಯ ಖರ್ಚನ್ನು ಹಂಚಿಕೊಳ್ಳುತ್ತಾರೆ. ತಿಂಗಳ ಚಂದಾ ಇರುವುದರಿಂದ ಆಗಾಗ ಹಾರುವವರಿಗೆ ಮಾತ್ರ ಇದು ಲಾಭಕರ.

ಖರ್ಚಿನ ಹಂಚಿಕೆ: ಖಾಸಗಿ ಪೈಲಟ್ ಪ್ರಯಾಣಿಕರೊಂದಿಗೆ ಇಂಧನ, ತೈಲ, ನಿಲ್ದಾಣ ಶುಲ್ಕ ಮತ್ತು ಬಾಡಿಗೆಯನ್ನು ಹಂಚಿಕೊಳ್ಳಬಹುದು, ಆದರೆ ತನ್ನ ಸಮಪಾಲನ್ನು ಭರಿಸಲೇಬೇಕು.

ಗ್ಲೈಡರ್ ಎಳೆಯುವುದು: 100 ಗಂಟೆಗಳ ಅನುಭವ ಮತ್ತು ವಿಶೇಷ ತರಬೇತಿಯುಳ್ಳ ಖಾಸಗಿ ಪೈಲಟ್ ಗ್ಲೈಡರ್‌ಗಳನ್ನು ಎಳೆದೊಯ್ದು ಗಂಟೆಗಳನ್ನು ಗಳಿಸಬಹುದು.

ಸುರಕ್ಷತಾ ಪೈಲಟ್

ಇಬ್ಬರು ಪೈಲಟ್‌ಗಳು ಒಂದೇ ವಿಮಾನದ ಬಾಡಿಗೆಯನ್ನು ಹಂಚಿಕೊಳ್ಳುವ ಪದ್ಧತಿಯೂ ಇದೆ. ಒಬ್ಬರು ಹೊರಗಿನ ನೋಟವನ್ನು ಮರೆಮಾಡುವ ಮುಸುಕು ಧರಿಸಿ ಉಪಕರಣಗಳನ್ನು ನೋಡಿಯೇ ವಿಮಾನ ನಡೆಸುತ್ತಾರೆ. ಇನ್ನೊಬ್ಬರು ಸುರಕ್ಷತಾ ಪೈಲಟ್ ಆಗಿ ಹೊರಗಡೆ ಕಣ್ಣಿಟ್ಟಿರುತ್ತಾರೆ. ಇಬ್ಬರಿಗೂ ಅರ್ಹತೆಯಿದ್ದು, ಸುರಕ್ಷತಾ ಪೈಲಟ್ ವಿಮಾನದ ಹೊಣೆ ವಹಿಸಿದ್ದರೆ, ಅಮೆರಿಕದ ನಿಯಮದಂತೆ ಮುಸುಕು ಧರಿಸಿದ ಅವಧಿಯನ್ನು ಇಬ್ಬರೂ ಪೈಲಟ್ ಇನ್ ಕಮಾಂಡ್ ಎಂದು ದಾಖಲಿಸಬಹುದು. ಸುರಕ್ಷತಾ ಪೈಲಟ್ ಅದನ್ನು ಕ್ರಾಸ್ ಕಂಟ್ರಿ ಗಂಟೆಯೆಂದು ಬರೆಯುವಂತಿಲ್ಲ.

ಭಾರತದ ಅಭ್ಯರ್ಥಿಗಳು

ಭಾರತದಲ್ಲಿ ಬಾಡಿಗೆ ವಿಮಾನಗಳು ವಿರಳವಾಗಿದ್ದು, ಅಭ್ಯರ್ಥಿಗಳು ಸಾಮಾನ್ಯವಾಗಿ ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳಲ್ಲಿಯೇ ಪೂರ್ಣ ಹಾರಾಟವನ್ನು ಮುಗಿಸುತ್ತಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಮಳೆಗಾಲದ ಹವಾಮಾನ ಅಥವಾ ವಿಮಾನಗಳ ಕೊರತೆಯಿಂದ ತರಬೇತಿ ತಡವಾದರೆ ವಸತಿ ಖರ್ಚು ಮತ್ತು ಸಾಲದ ಬಡ್ಡಿ ಬೆಳೆಯುತ್ತವೆ. ಹೀಗಾಗಿ ಗಂಟೆಯ ದರ ಕಡಿಮೆಯಿರುವ ಸಂಸ್ಥೆ ಒಟ್ಟಿನಲ್ಲಿ ಅಗ್ಗವಾಗಿರಬೇಕೆಂದಿಲ್ಲ.

ವಿದೇಶದಲ್ಲಿ ತರಬೇತಿ ಪಡೆದವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ (ಡಿಜಿಸಿಎ) ಭಾರತೀಯ ಪರವಾನಗಿ ಪಡೆಯಬೇಕು. ಆಗ ಗಂಟೆಗಳನ್ನು ಭಾರತದ ನಿಯಮದಂತೆ ಪರಿಶೀಲಿಸಲಾಗುತ್ತದೆ. ಆದುದರಿಂದ ಸುರಕ್ಷತಾ ಪೈಲಟ್ ಅಥವಾ ಸಿಮ್ಯುಲೇಟರ್‌ನಲ್ಲಿ ಗಳಿಸಿದ ಅವಧಿಯ ಮಾನ್ಯತೆಯನ್ನು ಹಣ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳುವುದು ಅವಶ್ಯ.

ದಾಖಲೆ

ಪ್ರತಿಯೊಂದು ಹಾರಾಟವನ್ನೂ ಲಾಗ್ ಪುಸ್ತಕದಲ್ಲಿ ನಮೂದಿಸಲಾಗುತ್ತದೆ. ಹಾರದ ಗಂಟೆಗಳನ್ನು ಬರೆದುಕೊಳ್ಳುವುದು ವಂಚನೆಯಾಗಿದ್ದು, ಪರವಾನಗಿ ರದ್ದತಿಗೆ ಹಾಗೂ ಮೊಕದ್ದಮೆಗೆ ಕಾರಣವಾಗಬಹುದು. 2011ರಲ್ಲಿ ಭಾರತದಲ್ಲಿ ನಕಲಿ ಅಂಕಪಟ್ಟಿ ಮತ್ತು ಸುಳ್ಳು ಗಂಟೆಗಳ ಪ್ರಕರಣಗಳು ಬೆಳಕಿಗೆ ಬಂದು ಹಲವರ ಬಂಧನವಾಯಿತು. ಪ್ರಯಾಣಿಕರ ಸುರಕ್ಷತೆ ಈ ಅನುಭವವನ್ನೇ ಅವಲಂಬಿಸಿರುವುದರಿಂದ, ಉಳಿತಾಯ ದರದಲ್ಲಿ ಸಾಧ್ಯವೇ ವಿನಾ ಹಾರಾಟದಲ್ಲಿ ಅಲ್ಲ.